ಸ್ಮರಣ ಸಂಚಿಕೆಗೆ ಮೇಷ್ಟ್ರುಗಳ ಪರಿಚಯ: ‘ಸರಳ ಸಜ್ಜನಿಕೆ’ ಬಿಟ್ಟು ಏನು ಬರೆಯಲಿ?

ಹಿಂದಿನ ಬೆಂಚು:

ಎಲ್ಲರಿಗೂ ನಮಸ್ಕಾರ. ನಾನು ಓದಿದ ಹೈಸ್ಕೂಲಿಗೆ ಈ ವರ್ಷ ಐವತ್ತು ತುಂಬುತ್ತದೆ. ಮೈಸೂರಿನ ಹತ್ತಿರದ ಒಂದು ಸಣ್ಣ ಊರು. ಹಳೇ ವಿದ್ಯಾರ್ಥಿಗಳು ಸೇರಿ ಸ್ಮರಣ ಸಂಚಿಕೆ ತರುತ್ತಿದ್ದೇವೆ. ಊಟದ ಕಮಿಟಿ, ಶಾಮಿಯಾನ ಕಮಿಟಿಗೆ ಜನ ಮುಗಿಬಿದ್ದರು. ಮೀಟಿಂಗಿಗೆ ಕೊನೆಯಲ್ಲಿ ಹೋದ ನನಗೆ ಉಳಿದದ್ದು ‘ನಮ್ಮ ಗುರುವೃಂದ’ ಎಂಬ ಪುಟಗಳು.

ಬೆಳ್ಳಿಹಬ್ಬದ ಸಂಚಿಕೆ ಹುಡುಕಿ ತೆಗೆದು ನೋಡಿದೆ. ಪಾಸ್‌ಪೋರ್ಟ್ ಫೋಟೋ, ಹೆಸರು, ಬಿ.ಎ., ಬಿ.ಎಡ್., ಸೇವೆಗೆ ಸೇರಿದ ತಾರೀಖು. ಕೆಳಗೆ ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’. ಪುಟ ತಿರುಗಿಸಿದರೆ ಇನ್ನೊಬ್ಬ ಸಾಕಾರಮೂರ್ತಿ. ನಮ್ಮ ಪಿ.ಟಿ. ಮೇಷ್ಟ್ರೂ ಸಾಕಾರಮೂರ್ತಿಯೇ! ಅವರು ವಿಷಲ್ ಊದಿದರೆ ಪಕ್ಕದ ಗದ್ದೆಯಲ್ಲಿ ಉಳುತ್ತಿದ್ದ ಎತ್ತು ನಿಂತುಬಿಡುತ್ತಿತ್ತು. ಅದರ ಬಗ್ಗೆ ಒಂದು ಸಾಲೂ ಇಲ್ಲ.

ಈ ಸಲ ಬೇರೆ ಥರ ಮಾಡೋಣ ಅಂತಿದ್ದೇನೆ. ಪಾಠದ ಬಗ್ಗೆ ಒಂದು ಸಾಲು ಸಾಕು. ಉಳಿದದ್ದು ಬೆಲ್ ಹೊಡೆದ ಮೇಲೆ ಅವರು ಏನು ಮಾಡುತ್ತಾರೆ ಅನ್ನೋದು. ಮಾದರಿಗೆ ಒಂದು ಬರೆದಿದ್ದೇನೆ, ನೋಡಿ:

“ಕನ್ನಡ ಮೇಷ್ಟ್ರು. ನಿವೃತ್ತರು. ಕ್ಲಾಸಿನಲ್ಲಿ ಕುಮಾರವ್ಯಾಸ, ಮನೆಯಲ್ಲಿ ಯೆಜ್ಡಿ ಬೈಕು. ಅವರ ಸೋದರಮಾವ ಯೆಜ್ಡಿ ತಯಾರಿಸುತ್ತಿದ್ದ ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು. ಫ್ಯಾಕ್ಟರಿ 1996ರಲ್ಲಿ ಬಾಗಿಲು ಹಾಕಿತು. ಮೇಷ್ಟ್ರು ಮಾತ್ರ ಗಾಡಿ ಬಿಟ್ಟಿಲ್ಲ. ಭಾನುವಾರ ಬೆಳಗ್ಗೆ ಅವರ ಮನೆಗೆ ಹೋದರೆ ಹಳೇ ಪಂಚೆ, ಕೈತುಂಬ ಗ್ರೀಸು, ಪಕ್ಕದಲ್ಲಿ ಪೇಪರ್ ಮೇಲೆ ಬಿಚ್ಚಿಟ್ಟ ಕಾರ್ಬೊರೇಟರ್. ಎರಡೂ ಸೈಲೆನ್ಸರಿನ ಕಾರ್ಬನ್ ತಾವೇ ತೆಗೆಯುತ್ತಾರೆ. ಪೆಟ್ರೋಲಿಗೆ ಆಯಿಲ್ ಎಷ್ಟು ಬೆರೆಸಬೇಕು ಅನ್ನೋ ವಿಷಯದಲ್ಲಿ ಬಂಕಿನ ಹುಡುಗನನ್ನು ನಂಬುವುದಿಲ್ಲ, ಅಳತೆಯ ಡಬ್ಬಿ ಜೊತೆಗೇ ಒಯ್ಯುತ್ತಾರೆ.

ಶ್ಲೇಷಾಲಂಕಾರ ನಮಗೆ ಗೊತ್ತಾಗಿದ್ದೂ ಆ ಗಾಡಿಯಿಂದಲೇ. ಯೆಜ್ಡಿಯಲ್ಲಿ ಗೇರ್ ಹಾಕುವ ಲಿವರನ್ನೇ ಒಳಗೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್ ಆಗುತ್ತದೆ. ಒಂದು ದಿನ ಇಡೀ ಕ್ಲಾಸನ್ನು ಸೈಕಲ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ ತೋರಿಸಿದರು. ‘ನೋಡ್ರಪ್ಪಾ, ಒಂದೇ ಲಿವರು. ಹೀಗಿಟ್ಟರೆ ಗೇರು, ಹಾಗಿಟ್ಟರೆ ಕಿಕ್ಕು. ಪದ ಒಂದು, ಅರ್ಥ ಎರಡು. ಬರ್ಕೊಳ್ಳಿ.’ ಆ ವರ್ಷ ಪರೀಕ್ಷೆಯಲ್ಲಿ ಶ್ಲೇಷೆಗೆ ಉದಾಹರಣೆ ಕೇಳಿದಾಗ ಯೆಜ್ಡಿ ಚಿತ್ರ ಬರೆದವರೂ ಇದ್ದರು. ಮೇಷ್ಟ್ರು ಚಿತ್ರಕ್ಕೆ ಅರ್ಧ ಮಾರ್ಕ್ ಕೊಟ್ಟರು, ಸೈಲೆನ್ಸರ್ ಒಂದೇ ಬರೆದವನಿಗೆ ಕೊಡಲಿಲ್ಲ.”

ಇದೊಂದು ಸುಲಭವಾಗಿ ಬಂತು, ಯಾಕೆಂದರೆ ನಾನೇ ಕಣ್ಣಾರೆ ಕಂಡದ್ದು. ಉಳಿದವರ ಹತ್ತಿರ ಹೋಗಿ “ಸಾರ್, ನಿಮ್ಮ ಹವ್ಯಾಸ ಏನು?” ಅಂದರೆ ಎಲ್ಲರದ್ದೂ ಒಂದೇ ಉತ್ತರ: “ಓದುವುದಮ್ಮಾ.” ಇವರ ಬಾಯಿ ಬಿಡಿಸೋದು ಹೇಗೆ? ನಿಮ್ಮ ಸ್ಕೂಲಿನ ಮೇಷ್ಟ್ರು, ಮಿಸ್ಸುಗಳ ಕಥೆ ಇದ್ದರೆ ಹಾಕಿ. ಸ್ವಲ್ಪ ಧೈರ್ಯ ಬರುತ್ತದೆ. ಇನ್ನೊಂದು ಅನುಮಾನ: ಇದನ್ನೆಲ್ಲ ಬರೆದರೆ ಗೇಲಿ ಮಾಡಿದ ಹಾಗಾಗುತ್ತಾ?

ಚೌಕಿಮನೆ:

ಗೇಲಿ ಆಗೋದಿಲ್ಲ ಮಾರಾಯ್ರೆ. ಸಾಕಾರಮೂರ್ತಿ ಅಂತ ಬರೆಯೋದೇ ದೊಡ್ಡ ಗೇಲಿ.

ನಮ್ಮದು ಹೊನ್ನಾವರದ ಕಡೆ. ಗಣಿತದ ಮಾಸ್ತರು ಅಂದರೆ ನಮಗೆ ಜ್ವರ ಬರುತ್ತಿತ್ತು. ನಗು ಎಂಬುದೇ ಇಲ್ಲ. ಅದೇ ಮಾಸ್ತರು ಹವ್ಯಾಸಿ ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡುತ್ತಿದ್ದರು! ಚಿತ್ರಾಂಗದೆಯಾಗಿ ರಂಗಕ್ಕೆ ಬಂದರೆ ನಮ್ಮ ಅಮ್ಮ, ಚಿಕ್ಕಮ್ಮ ಎಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಮಾತ್ರ ಚಾಪೆಯ ಮೇಲೆ ಕೂತು, ನಾಳೆ ಬೀಜಗಣಿತ ತಪ್ಪಿದರೆ ಈ ಚಿತ್ರಾಂಗದೆಯೇ ಅಲ್ವಾ ಕಿವಿ ಹಿಂಡೋದು ಅಂತ ಯೋಚಿಸುತ್ತಿದ್ದೆ.

ರಾತ್ರಿಯಿಡೀ ಆಟ. ಬೆಳಗ್ಗೆ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆದು, ಮನೆಗೆ ಹೋಗಿ ಮಿಂದು, ಹತ್ತು ಗಂಟೆಗೆ ಶಾಲೆಗೆ ಹಾಜರು. ಕಿವಿಯ ಹಿಂದೆ ಒಂಚೂರು ಬಣ್ಣ ಉಳಿದೇ ಇರುತ್ತಿತ್ತು. ಬೋರ್ಡಿನ ಕಡೆ ತಿರುಗಿದಾಗ ಇಡೀ ಕ್ಲಾಸಿಗೆ ಕಾಣುತ್ತದೆ, ಹೇಳೋ ಧೈರ್ಯ ಯಾರಿಗಿದೆ?

ಲ.ಸಾ.ಅ. ಪಾಠವನ್ನು ತಾಳದಲ್ಲೇ ಮಾಡಿದರು. ತ್ರಿವುಡೆ ತಾಳಕ್ಕೆ 7 ಅಕ್ಷರ (ಅಂದರೆ ಎಣಿಕೆ), ಝಂಪೆಗೆ 10. ಎಡಗಡೆಯ ಸಾಲಿನವರು ತ್ರಿವುಡೆ, ಬಲಗಡೆಯವರು ಝಂಪೆ. ಒಟ್ಟಿಗೆ ಶುರು ಮಾಡಿ ಬೆಂಚು ಬಡಿಯಬೇಕು. ಮತ್ತೆ ಎರಡೂ ಒಟ್ಟಿಗೆ ತಾಳದ ಮೊದಲ ಪೆಟ್ಟಿಗೆ ಬರೋದು ಯಾವಾಗ? 70 ಅಕ್ಷರ ಮುಗಿದ ಮೇಲೆ. ನಾವು ಅಲ್ಲಿಯವರೆಗೆ ಸರಿಯಾಗಿ ತಲುಪಿದ್ದು ಸುಳ್ಳು. ಅಷ್ಟರಲ್ಲಿ ಹೆಡ್‌ಮಾಸ್ತರು ಗಲಾಟೆ ಏನೆಂದು ಬಂದಿದ್ದರು. ಅವರೂ ಒಳ್ಳೇ ಮದ್ದಲೆಗಾರರು. ಬೈಯುವುದನ್ನು ಬಿಟ್ಟು, ಝಂಪೆಯವರು ಓಡಿಸುತ್ತಿದ್ದಾರೆ ಅಂತ ತಿದ್ದಿ ಹೋದರು.

ನಿಮ್ಮ ಪ್ರಶ್ನೆಗೆ ಉತ್ತರ: ಮಾಸ್ತರನ್ನು ಕೇಳಬೇಡಿ, ಅವರ ಜೊತೆ ವೇಷ ಕಟ್ಟಿದವರನ್ನು ಕೇಳಿ.

ಕೆರೆದಂಡೆ:

ನಮ್ಮ ಗದಗ ಕಡೆಯದು ಒಂದು. ಸಮಾಜ ವಿಜ್ಞಾನದ ಸರ್. ಚಳಿಗಾಲ ಶುರುವಾದರೆ ಮುಗೀತು, ರವಿವಾರ ಮುಂಜಾನೆ ಬೈಕಿನ ಹಿಂದೆ ಯಾರಾದರೂ ಹುಡುಗನನ್ನು ಕೂರಿಸಿಕೊಂಡು ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಹೋಗುತ್ತಿದ್ದರು. ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಹಿಮಾಲಯ ದಾಟಿ ಬರುವ ಹಕ್ಕಿ. ಮಂಗೋಲಿಯಾದಲ್ಲಿ ಕುತ್ತಿಗೆಗೆ ನಂಬರ್ ಪಟ್ಟಿ ಹಾಕಿ ಬಿಟ್ಟ ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿವೆ. 2024ರಲ್ಲಿ ಮಾಗಡಿ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಆ ಸುದ್ದಿ ಬಂದ ದಿನ ಸರ್ ಹಳೇ ವಿದ್ಯಾರ್ಥಿಗಳ ಗ್ರೂಪಿನಲ್ಲಿ ಪೇಢೆಯ ಫೋಟೋ ಹಾಕಿದ್ದರು. ಪೇಢೆ ಮಾತ್ರ ಯಾರಿಗೂ ಮುಟ್ಟಿಲ್ಲ.

ಲೇಟಾಗಿ ಬಂದವರಿಗೆ ಅವರ ಬೈಗುಳ ಹೀಗೆ: “ಹಕ್ಕಿ ಮಂಗೋಲಿಯಾದಿಂದ ಟೈಮಿಗೆ ಬರ್ತದ. ನಿನಗ ಬಸ್ ಸ್ಟ್ಯಾಂಡಿಂದ ಬರ್ಲಿಕ್ಕೆ ಆಗಂಗಿಲ್ಲೇನು?” ಭೂಪಟ ಬರೆಯೋ ಪ್ರಶ್ನೆಯಲ್ಲಿ ಬೇರೇನು ತಪ್ಪಿದರೂ ನಮ್ಮ ಬ್ಯಾಚಿನವರು ಮಂಗೋಲಿಯಾ ತಪ್ಪಿಸಿದ್ದಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಮಂಗೋಲಿಯಾ ಯಾವತ್ತೂ ಬರಲಿಲ್ಲ, ಅದು ಬೇರೆ ಮಾತು.

ಹಕ್ಕಿ ಕಂಡದ್ದನ್ನು ಬರೆದಿಡುವ ಅವರ ನೋಟ್‌ಬುಕ್ ಇಸಿದುಕೊಂಡು ಒಂದು ಪುಟ ಹಾಗೇ ಅಚ್ಚು ಮಾಡಿಸಿ ಅಂತ ನಮ್ಮವರಿಗೂ ಹೇಳಿದ್ದೆ. ಯಾರಾದರೂ ಏನಾದರೂ ಬರೆದಿಡುವ ಮೇಷ್ಟ್ರು ನಿಮ್ಮಲ್ಲಿದ್ದರೆ ಇದು ಒಳ್ಳೇ ದಾರಿ. ನೀವು ಒಂದಕ್ಷರ ಬರೆಯಬೇಕಾಗಿಲ್ಲ.

ಸೀಮೆಸುಣ್ಣ:

ನಾನೇ ಹೈಸ್ಕೂಲ್ ಟೀಚರ್. ತೀರ್ಥಹಳ್ಳಿ ಕಡೆ, ವಿಜ್ಞಾನ. “ಓದುವುದು” ಅಂತ ಯಾಕೆ ಹೇಳುತ್ತೇವೆ ಗೊತ್ತಾ? ಶಾಲೆಯಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ಹೊಸ ಕೆಲಸ ಬಂತು ಅಂತಲೇ ಅರ್ಥ. ಸ್ಯಾಟ್ಸ್ ಎಂಟ್ರಿ (ಮಕ್ಕಳ ವಿವರ ಆನ್‌ಲೈನಿನಲ್ಲಿ ತುಂಬೋದು), ಬಿಸಿಯೂಟದ ಲೆಕ್ಕ, ಎಸ್ಸೆಸ್ಸೆಲ್ಸಿ ವಿಶೇಷ ತರಗತಿ, ಎಲೆಕ್ಷನ್ ಡ್ಯೂಟಿ. ಇದರ ಮಧ್ಯೆ ನನಗೆ ಹಾಡು ಬರುತ್ತದೆ ಅಂತ ಬಾಯಿ ಬಿಟ್ಟರೆ ಮುಂದಿನ ಇಪ್ಪತ್ತು ವರ್ಷ ನಾಡಗೀತೆ ನಮ್ಮದೇ.

ನನ್ನ ಹುಚ್ಚು ಪತಂಗ. ದೀಪಕ್ಕೆ ಬರುತ್ತವಲ್ಲ, ಅವೇ. ಮಳೆಗಾಲದ ರಾತ್ರಿ ಅಂಗಳದಲ್ಲಿ ಹಗ್ಗಕ್ಕೆ ಬಿಳಿ ಬೆಡ್‌ಶೀಟ್ ಕಟ್ಟಿ, ಮುಂದೆ ಒಂದು ಬಲ್ಬ್ ಹಾಕಿ ಕಾಯುತ್ತೇನೆ. ಮೊದಲ ಸಲ ಮಾಡಿದಾಗ ಪಕ್ಕದ ಮನೆಯ ಅಜ್ಜ ಸಿನಿಮಾ ತೋರಿಸುತ್ತಾರೆ ಅಂದುಕೊಂಡು ಕುರ್ಚಿ ಎತ್ತಿಕೊಂಡು ಬಂದರು. ವಾಪಸ್ ಹೋಗಲಿಲ್ಲ. ಈಗ ನನಗಿಂತ ಅವರಿಗೇ ಜಾಸ್ತಿ ಗೊತ್ತು. ನಮ್ಮೆಜಮಾನರಿಗೆ ಇರುವ ತಕರಾರು ಒಂದೇ: ಮನೆಯಲ್ಲಿ ಒಳ್ಳೇ ಬೆಡ್‌ಶೀಟ್ ಉಳಿದಿಲ್ಲ.

ಒಮ್ಮೆ ಅಟ್ಲಾಸ್ ಪತಂಗ ಬಂದಿತ್ತು, ನನ್ನ ಅಂಗೈಗಿಂತ ದೊಡ್ಡದು. ಮಾರನೇ ದಿನ ಕ್ಲಾಸಿನಲ್ಲಿ ಫೋಟೋ ತೋರಿಸಿ, ರೆಕ್ಕೆ ಬಂದ ಮೇಲೆ ಇದು ಏನನ್ನೂ ತಿನ್ನುವುದಿಲ್ಲ, ಹುಳುವಾಗಿದ್ದಾಗ ತಿಂದದ್ದರಲ್ಲೇ ಉಳಿದ ಆಯಸ್ಸು ಕಳೆಯಬೇಕು ಅಂದೆ. ಹಿಂದಿನಿಂದ ಒಬ್ಬ, “ಅಯ್ಯೋ ಪಾಪ, ಸೋಮವಾರದ ಪಲಾವೂ ಇಲ್ವಾ ಮಿಸ್?” ಅಂದ. ಜೀವನಚಕ್ರದ ಪಾಠ ಅಲ್ಲಿಗೆ ಮುಗಿಯಿತು, ಪಲಾವಿನ ಚರ್ಚೆ ಶುರುವಾಯಿತು.

ನನ್ನ ಬಗ್ಗೆ ಯಾರಾದರೂ ಬರೆದರೆ ಅಜ್ಜನ ಕುರ್ಚಿಯ ಬಗ್ಗೆ ಬರೆಯಲಿ, ಖುಷಿಯಾಗುತ್ತದೆ. ಆದರೆ ಅಚ್ಚಿಗೆ ಹೋಗುವ ಮೊದಲು ಒಮ್ಮೆ ತೋರಿಸಿ. ಅಡ್ಡಹೆಸರು, ಮನೆ ವಿಷಯ, ಸಂಬಳ, ಬಿ.ಪಿ. ಮಾತ್ರೆ ಇವನ್ನೆಲ್ಲ ಬಿಡಿ. ನಿಮ್ಮ ಕನ್ನಡ ಮೇಷ್ಟ್ರಿಗೆ ಪಂಚೆಯ ಗ್ರೀಸು ಓಕೆನಾ ಅಂತ ಕೇಳಿದ್ದೀರಾ?

ಉಳಿದ ಶೇಷ:

ಹೈಸ್ಕೂಲ್ ಮೇಷ್ಟ್ರ ಹವ್ಯಾಸ ಅಂದಮೇಲೆ ಕಾಪ್ರೇಕರ್ ಹೆಸರು ಬರಲೇಬೇಕು. ನಾಸಿಕದ ಹತ್ತಿರ ದೇವಳಾಲಿಯಲ್ಲಿ 1930ರಿಂದ 1962ರವರೆಗೆ ಶಾಲಾ ಮೇಷ್ಟ್ರು. ಬಿಡುವಿನಲ್ಲಿ ಸಂಖ್ಯೆಗಳ ಜೊತೆ ಆಟ, ಅಷ್ಟೇ. ಎಲ್ಲವೂ ಒಂದೇ ಆಗಿರದ ನಾಲ್ಕು ಅಂಕಿ ತಗೊಳ್ಳಿ. ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅದನ್ನೇ ತಿರುಗಿಸಿ ಕಳೆಯಿರಿ. ಬಂದದ್ದಕ್ಕೆ ಮತ್ತೆ ಹಾಗೇ ಮಾಡಿ. 4321 ಕಳೆ 1234 ಅಂದರೆ 3087. 8730 ಕಳೆ 0378 ಅಂದರೆ 8352. 8532 ಕಳೆ 2358 ಅಂದರೆ 6174. ಆಮೇಲೆ ಎಷ್ಟು ಸಲ ಮಾಡಿದರೂ 6174 ಬಿಟ್ಟು ಕದಲುವುದಿಲ್ಲ. ಯಾವ ಸಂಖ್ಯೆಯಿಂದ ಹೊರಟರೂ ಹೆಚ್ಚೆಂದರೆ ಏಳು ಹೆಜ್ಜೆಗೆ ಅಲ್ಲಿಗೇ ಬರುತ್ತೀರಿ. ಇದಕ್ಕೆ ಈಗ ಪ್ರಪಂಚದ ಎಲ್ಲ ಕಡೆ ಅವರದೇ ಹೆಸರು. ಇನ್ನೊಂದು ಬಗೆಯ ಸಂಖ್ಯೆಗಳಿಗೆ ಅವರು ತಮ್ಮೂರಿನದೇ ಹೆಸರಿಟ್ಟರು, ದೇವಳಾಲಿ ಸಂಖ್ಯೆ ಅಂತ. ಊರಿನ ಮೇಲಿನ ಅಭಿಮಾನ ಅಂದರೆ ಇದು!

ನಮ್ಮ ಮ್ಯಾಥ್ಸ್ ಮಿಸ್ಸಿಗೆ ಇದೇ ಗೀಳು. ಟೂರಿಗೆ ಹೋದಾಗ ಮುಂದಿನ ಲಾರಿಯ ನಂಬರ್ ಪ್ಲೇಟ್ ಕಂಡರೆ ಸಾಕು, “ಕಳೀರೋ” ಅಂತಿದ್ದರು. ಜೋಗ್ ನೋಡಿದ ನೆನಪು ನನಗೆ ಅಷ್ಟಾಗಿ ಇಲ್ಲ.

ಹಿಂದಿನ ಬೆಂಚು:

ಅಬ್ಬಾ, ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಥ್ಯಾಂಕ್ಸ್.

ಚೌಕಿಮನೆಯವರ ಉಪಾಯ ನಿನ್ನೆಯೇ ಮಾಡಿ ನೋಡಿದೆ. ನಮ್ಮ ಹಿಂದಿ ಮೇಡಂ ಬಗ್ಗೆ ಮೇಡಂ ಹತ್ತಿರ ಕೇಳದೆ ಊರಿನ ಪೋಸ್ಟ್‌ಮ್ಯಾನ್ ಹತ್ತಿರ ಕೇಳಿದೆ. ಮೇಡಂ ಅಂಚೆಚೀಟಿ ಸಂಗ್ರಹ ಮಾಡುತ್ತಾರಂತೆ! ಮೂರು ವರ್ಷ ಅವರ ಕ್ಲಾಸಿನಲ್ಲಿ ಕೂತ ನನಗೆ ಗೊತ್ತಿಲ್ಲ. ಸಂಜೆ ಮನೆಗೆ ಹೋಗಿ, ಹವ್ಯಾಸ ಅನ್ನೋ ಪದವನ್ನೇ ಎತ್ತದೆ, “ಮೇಡಂ, ಸ್ವತಂತ್ರ ಭಾರತದ ಮೊದಲ ಸ್ಟಾಂಪ್ ಹೇಗಿತ್ತು?” ಅಂದೆ. ಅಷ್ಟೇ. ಆಲ್ಬಂ ಬಂತು, ಕಾಫಿ ಬಂತು, ಚಕ್ಕುಲಿ ಬಂತು. 1947ರ ನವೆಂಬರ್ 21ರಂದು ಬಂದ ಚೀಟಿ, ತ್ರಿವರ್ಣ ಧ್ವಜ, ಪಕ್ಕದಲ್ಲಿ ಜೈ ಹಿಂದ್, ಬೆಲೆ ಮೂರೂವರೆ ಆಣೆ. ಅದನ್ನು ಮುಟ್ಟಲು ಬಿಡಲಿಲ್ಲ, ಚಿಮಟಿಗೆಯಲ್ಲಿ ಹಿಡಿದು ತೋರಿಸಿದರು. ಚಕ್ಕುಲಿ ತಿಂದ ಕೈಯನ್ನು ಆಲ್ಬಂನಿಂದ ಒಂದು ಅಡಿ ದೂರ ಇಡಬೇಕು ಅಂತಲೂ ಆಜ್ಞೆ. ಅಂಚೆ ಇಲಾಖೆಯವರು ಸ್ಟಾಂಪ್ ಸಂಗ್ರಹಿಸುವ 6ರಿಂದ 9ನೇ ಕ್ಲಾಸಿನ ಮಕ್ಕಳಿಗೆ ವರ್ಷಕ್ಕೆ 6000 ರೂಪಾಯಿ ವಿದ್ಯಾರ್ಥಿವೇತನ ಕೊಡುವ ಸ್ಪರ್ಶ್ ಅನ್ನೋ ಯೋಜನೆ ಮಾಡಿದ್ದಾರಲ್ಲ, ಅದಕ್ಕೆ ಈಗಿನ ಮಕ್ಕಳನ್ನು ತಯಾರು ಮಾಡುತ್ತಿದ್ದಾರಂತೆ. ಬೀಳ್ಕೊಡುವಾಗ ಒಂದು ಷರತ್ತು ಹಾಕಿದರು: “ಸಜ್ಜನಿಕೆ ಅಂತ ಬರೆದರೆ ಸಂಚಿಕೆ ಬಿಡುಗಡೆಗೇ ಬರೋದಿಲ್ಲ.”

ಹಾಗಾಗಿ ಈಗ ಹೀಗೆ ಮಾಡಿದ್ದೇನೆ. ಹವ್ಯಾಸ ಏನು ಅಂತ ಯಾರನ್ನೂ ಕೇಳೋದಿಲ್ಲ. “ಭಾನುವಾರ ಬೆಳಗ್ಗೆ ಎಂಟಕ್ಕೆ ಎಲ್ಲಿರ್ತೀರಿ?”, “ಮನೆಯವರು ಯಾವುದಕ್ಕೆ ಬೈತಾರೆ?” ಈ ಎರಡು ಪ್ರಶ್ನೆ ಸಾಕು. ಎರಡನೆಯದಕ್ಕೆ ಉತ್ತರ ಮನೆಯವರೇ ಒಳಗಿನಿಂದ ಕೂಗಿ ಹೇಳುತ್ತಾರೆ.

ಸೀಮೆಸುಣ್ಣ ಮೇಡಂ, ಬರೆದದ್ದನ್ನು ಕನ್ನಡ ಮೇಷ್ಟ್ರಿಗೆ ತೋರಿಸಿದೆ. ಗ್ರೀಸು ಓಕೆ ಅಂದರು. ಎರಡು ಕಡೆ ಅಲ್ಪಪ್ರಾಣ, ಮಹಾಪ್ರಾಣ ತಿದ್ದಿಕೊಟ್ಟರು.

ಉಳಿದ ಶೇಷ:

ಯೆಜ್ಡಿ ಯಾವ ಮಾಡೆಲ್? ರೋಡ್‌ಕಿಂಗ್ ಏನು? ಫೋಟೋ ಹಾಕಿ.

ಹಿಂದಿನ ಬೆಂಚು:

ಹೂಂ, ರೋಡ್‌ಕಿಂಗ್. ಫೋಟೋ ಸಂಚಿಕೆಯಲ್ಲೇ ನೋಡಿ.

ಕೆರೆದಂಡೆ:

ಸರ್ ಮಾರ್ತಾರೇನ್ರಿ? ಸುಮ್ನೆ ಕೇಳ್ದೆ.

ಹಿಂದಿನ ಬೆಂಚು:

ನೀವೇ ಬಂದು ಕೇಳಿ. ಹೋದ ವರ್ಷ ಬೆಂಗಳೂರಿನಿಂದ ಒಬ್ಬರು ಬಂದು ರೇಟು ಕೇಳಿದರಂತೆ. ಕೂರಿಸಿ, ಕಾಫಿ ಕೊಟ್ಟು, ಆರೂ ಷಟ್ಪದಿಗಳ ಲಕ್ಷಣ ಒಪ್ಪಿಸಿ ಬಸ್ಸು ಹತ್ತಿಸಿದ್ದಾರೆ.