ಮದುವೆ ಉಂಗುರದ ಮೇಲೆ ಬೆಳ್ಳಿ ಬಣ್ಣದ ಕಲೆ, ಚಿನ್ನವೇ ಸರಿ ಇಲ್ವಾ?

ಹಾಸನದ ಸೊಸೆ:
ಎಲ್ಲರಿಗೂ ನಮಸ್ಕಾರ. ನಿಶ್ಚಿತಾರ್ಥಕ್ಕೆ ನಮ್ಮಿಬ್ಬರಿಗೂ ಒಂದೇ ಅಂಗಡಿಯಲ್ಲಿ, ಒಂದೇ ದಿನ ಉಂಗುರ ತಗೊಂಡಿದ್ದು. 22 ಕ್ಯಾರೆಟ್, ತಲಾ ನಾಲ್ಕು ಗ್ರಾಂ ಚಿಲ್ಲರೆ, ಒಳಗೆ ಹೆಸರು ಕೆತ್ತಿಸಿದ್ದೇವೆ. ನನ್ನದರಲ್ಲಿ ಒಂದು ಕೆಂಪು ಕಲ್ಲಿದೆ, ಯಜಮಾನರದು ಕಲ್ಲಿಲ್ಲದ ಸಾದಾ ಉಂಗುರ. ಈಗೊಂದು ತಿಂಗಳಿಂದ ನನ್ನ ಉಂಗುರದ ಹೊರಮೈಯಲ್ಲಿ, ಅಂಗೈ ಕಡೆ ಬರುವ ಭಾಗದಲ್ಲಿ, ಬೆಳ್ಳಿ ಸವರಿದ ಹಾಗೆ ಬೆಳ್ಳಗಾಗಿದೆ. ಸೋಪಿನಲ್ಲಿ ತೊಳೆದರೂ ಹೋಗಲಿಲ್ಲ. ಅತ್ತೆ ಹುಣಸೆಹಣ್ಣು ಹಚ್ಚಿ ಉಜ್ಜಿದರು, ಅದಕ್ಕೂ ಹೋಗಲಿಲ್ಲ. ಯಜಮಾನರ ಉಂಗುರ ಮಾತ್ರ ಹೊಸದರ ಥರಾನೇ ಇದೆ. ಅಂಗಡಿಯವರು "ಪಾಲಿಶ್ ಮಾಡಿಕೊಡ್ತೀವಿ, ಬಿಟ್ಟು ಹೋಗಿ" ಅಂದರು, ಕಾರಣ ಏನೂ ಹೇಳಲಿಲ್ಲ. ನನಗೆ ಕಲಬೆರಕೆ ಚಿನ್ನ ಕೊಟ್ಟಿರಬಹುದಾ?

ಇನ್ನೊಂದು ವಿಷಯ. ನಾನು ಇದನ್ನು ಸ್ನಾನಕ್ಕೂ ತೆಗೆಯುವುದಿಲ್ಲ, ಚಪಾತಿ ಹಿಟ್ಟು ಕಲಸುವಾಗಲೂ ಕೈಯಲ್ಲೇ ಇರುತ್ತದೆ. ಜೀವನಪೂರ್ತಿ ಹಾಕಿಕೊಳ್ಳಬೇಕು ಅಂತ ಆಸೆ. ಬಾಳಿಕೆ ಬರಬೇಕಾದರೆ ಏನೇನು ಮಾಡಬೇಕು, ಗೊತ್ತಿರುವವರು ಹೇಳಿ.

ನಗರ್ತಪೇಟೆ ಅಕ್ಕಸಾಲಿ:
ತಂಗೀ, ಮೊದಲು ಪಾಲಿಶ್‌ಗೆ ಕೊಡಬೇಡಿ. ನೀವು ಹೇಳುತ್ತಿರುವುದು ಕೇಳಿದರೆ ಅದು ಪಾದರಸದ ಕಲೆ ಇರುವ ಹಾಗಿದೆ. ಪಾದರಸ ತಾಗಿದರೆ ಚಿನ್ನ ಅದನ್ನು ಹೀರಿಕೊಂಡು ಬೆಳ್ಳಗಾಗುತ್ತದೆ. ಇದು ಅಸಲಿ ಚಿನ್ನಕ್ಕೂ ಆಗುತ್ತದೆ, ಅದಕ್ಕೆ ಅಂಗಡಿಯವರ ಮೇಲೆ ಈಗಲೇ ಅನುಮಾನ ಬೇಡ. ಅನುಮಾನ ತೀರಲೇಬೇಕು ಅಂದರೆ ಉಂಗುರದ ಒಳಗೆ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಗುರುತು, 22ಕೆ916 (ಅಂದರೆ ನೂರಕ್ಕೆ 91.6 ಭಾಗ ಚಿನ್ನ) ಮತ್ತು ಅಕ್ಷರ ಅಂಕಿ ಬೆರೆತ ಆರು ಸ್ಥಾನದ ಗುರುತಿನ ಸಂಖ್ಯೆ, ಅಂದರೆ ಎಚ್‌ಯುಐಡಿ ಇದೆಯಾ ನೋಡಿ. 2023ರ ಏಪ್ರಿಲ್ 1ರಿಂದ ಇದಿಲ್ಲದೆ ಅಂಗಡಿಯವರು ಮಾರುವ ಹಾಗಿಲ್ಲ (ಎರಡು ಗ್ರಾಂಗಿಂತ ಕಡಿಮೆ ಇರುವ ಒಡವೆಯಂಥ ಕೆಲವಕ್ಕೆ ವಿನಾಯಿತಿ ಇದೆ). ಆ ಆರು ಅಕ್ಷರವನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಒಡವೆಯ ಶುದ್ಧತೆ, ಯಾವ ಕೇಂದ್ರದಲ್ಲಿ ಪರೀಕ್ಷೆ ಆಯ್ತು, ಎಲ್ಲ ತೋರಿಸುತ್ತದೆ.

ಹಾಗಾದರೆ ಪಾದರಸ ಎಲ್ಲಿಂದ ಬಂತು? ಮನೆಯಲ್ಲಿ ಹಳೇ ಕಾಲದ ಥರ್ಮಾಮೀಟರ್ ಒಡೆದಿತ್ತಾ? ಇಲ್ಲ ಅಂದರೆ, ತಪ್ಪು ತಿಳಿಯಬೇಡಿ, ಮುಖ ಬೆಳ್ಳಗಾಗುವ ಕ್ರೀಮ್ ಏನಾದರೂ ಹಚ್ಚುತ್ತೀರಾ? ನಮ್ಮ ಹತ್ತಿರ ಇಂಥ ಉಂಗುರ ಬಂದಾಗ ನಾವು ಮೊದಲು ಕೇಳುವುದೇ ಇದನ್ನ. ಬೆರಳಲ್ಲಿ ಕ್ರೀಮ್ ತೆಗೆದು ಮುಖಕ್ಕೆ ತಿಕ್ಕುವಾಗ ಉಂಗುರದ ಅಂಗೈ ಕಡೆಯೇ ಅದಕ್ಕೆ ಸಿಗುವುದು. ನಿಮ್ಮದೂ ಅದೇ ಜಾಗ ಅಂತ ಬರೆದಿದ್ದೀರಿ.

ಎಲ್ಲಕ್ಕಿಂತ ಮುಖ್ಯ, ಆ ಉಂಗುರವನ್ನು ಈಗಲೇ ಬಿಚ್ಚಿ ಬೇರೆ ಡಬ್ಬಿಯಲ್ಲಿ ಇಡಿ. ಮಾಂಗಲ್ಯ, ಬಳೆ ಜೊತೆ ಇಟ್ಟರೆ ಅವಕ್ಕೂ ಅಂಟುತ್ತದೆ. ಗ್ಯಾಸ್ ಒಲೆ ಮೇಲೆ ಕಾಯಿಸಿದರೆ ಕಲೆ ಹೋಗುತ್ತದೆ ಅಂತ ಯಾರಾದರೂ ಹೇಳಬಹುದು, ಹೋಗುವುದು ನಿಜ, ಆದರೆ ಆ ಪಾದರಸ ಆವಿಯಾಗಿ ಅಡುಗೆಮನೆಯಲ್ಲಿ ಇರುವವರ ಉಸಿರಿಗೆ ಹೋಗುತ್ತದೆ. ದಯವಿಟ್ಟು ಮಾಡಬೇಡಿ.

ಮೆಡಿಕಲ್ ಶಾಪ್ ಮೇಡಂ, ಪುತ್ತೂರು:
ಅಕ್ಕಸಾಲಿ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಉಂಗುರದ ಚಿಂತೆ ಆಮೇಲೆ, ಮೊದಲು ಕ್ರೀಮ್ ನೋಡಿ. ಡಬ್ಬಿ ಮೇಲೆ ಮರ್ಕ್ಯುರಿ, ಕ್ಯಾಲೊಮೆಲ್, ಮರ್ಕ್ಯುರಸ್ ಕ್ಲೋರೈಡ್ ಅಂತ ಇದ್ದರೆ ಅದು ಪಾದರಸವೇ. "ಚಿನ್ನ ಬೆಳ್ಳಿ ಒಡವೆಗೆ ತಾಗಿಸಬೇಡಿ" ಅಂತ ಬರೆದಿದ್ದರೂ ಅನುಮಾನ ಪಡಬೇಕು. ಏನೇನು ಹಾಕಿದ್ದಾರೆ ಅಂತಲೇ ಬರೆದಿಲ್ಲ ಅಂದರೆ ಇನ್ನೂ ಕೆಟ್ಟದ್ದು. ನಮ್ಮ ದೇಶದಲ್ಲಿ ಮುಖದ ಕ್ರೀಮ್‌ಗೆ ಪಾದರಸ ಬೆರೆಸುವ ಹಾಗಿಲ್ಲ, ಆದರೂ ಆನ್‌ಲೈನ್‌ನಲ್ಲಿ, ಬ್ಯೂಟಿ ಪಾರ್ಲರ್‌ಗಳಲ್ಲಿ, ಹೊರದೇಶದಿಂದ ಬಂದವರ ಬ್ಯಾಗಿನಲ್ಲಿ ಸಿಗುತ್ತದೆ. ಪಕ್ಕದ ಕೇರಳದ ಮಲಪ್ಪುರಂ ಕಡೆ ಇಂಥ ಕ್ರೀಮ್ ಹಚ್ಚಿದವರಿಗೆ ಕಿಡ್ನಿ ತೊಂದರೆ ಬಂದಿದ್ದು 2023ರಲ್ಲಿ ದೊಡ್ಡ ಸುದ್ದಿಯಾಗಿತ್ತು.

ಮೂತ್ರದಲ್ಲಿ ನೊರೆ ಜಾಸ್ತಿ ಬರುತ್ತಿದೆಯಾ? ಬೆಳಿಗ್ಗೆ ಏಳುವಾಗ ಮುಖ, ಸಂಜೆ ಹೊತ್ತಿಗೆ ಕಾಲು ಊದುತ್ತದಾ? ಇದ್ದರೂ ಇಲ್ಲದಿದ್ದರೂ ಒಮ್ಮೆ ಡಾಕ್ಟರ್ ಹತ್ತಿರ ಹೋಗಿ ಮೂತ್ರ ಪರೀಕ್ಷೆ ಮಾಡಿಸಿ, ಕ್ರೀಮ್ ಡಬ್ಬಿಯನ್ನೂ ತೆಗೆದುಕೊಂಡು ಹೋಗಿ ತೋರಿಸಿ. ಮನೆಯಲ್ಲಿ ಮಗು ಇದ್ದರೆ ಅದನ್ನೂ ಹೇಳಿ, ಯಾಕೆಂದರೆ ದಿಂಬು, ಟವೆಲ್, ಅಮ್ಮನ ಕೈ ಎಲ್ಲದರಿಂದಲೂ ಅದಕ್ಕೆ ಹೋಗುತ್ತದೆ.

ಗ್ಯಾರೇಜ್ ಕೆಲಸ, ಹುಬ್ಬಳ್ಳಿ:
ನಾನು ಯಜಮಾನರ ಸಾದಾ ಉಂಗುರದ ಬಗ್ಗೆ ಹೇಳುತ್ತೇನೆ. ಕಲ್ಲಿಲ್ಲದ ಉಂಗುರಕ್ಕೆ ಅಂಥ ಆರೈಕೆ ಏನೂ ಬೇಡ, ಅದು ಬೆರಳಿಗೆ ಅಪಾಯ ಮಾಡದಿದ್ದರೆ ಸಾಕು. ಗಾಡಿ ಬ್ಯಾಟರಿ ಬಿಚ್ಚುವಾಗ ಒಂದು ಕಡೆ ಸ್ಪ್ಯಾನರ್, ಇನ್ನೊಂದು ಕಡೆ ಬಾಡಿ, ನಡುವೆ ಉಂಗುರ ತಾಗಿದರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಕಾಯ್ದು ಬೆರಳಿನ ಸುತ್ತ ಸುಟ್ಟುಬಿಡುತ್ತದೆ. 12 ವೋಲ್ಟ್ ತಾನೇ, ಶಾಕ್ ಹೊಡೆಯಲ್ಲ ಅಂತ ಸುಮ್ನೆ ಕೈ ಹಾಕುತ್ತಾರೆ. ಶಾಕ್ ಹೊಡೆಯುವುದಿಲ್ಲ, ಸುಡುತ್ತದೆ. ಲಾರಿಯಿಂದ ಕೆಳಗೆ ಹಾರುವಾಗ ಉಂಗುರ ಕೊಕ್ಕೆಗೆ ಸಿಕ್ಕಿ ಬೆರಳೇ ಕಿತ್ತು ಬರುವುದೂ ಉಂಟು. ನಮ್ಮಲ್ಲಿ ಕೆಲಸಕ್ಕೆ ಬರುವ ಹುಡುಗರಿಗೆ ಮೊದಲ ದಿನವೇ ಉಂಗುರ ಬಿಚ್ಚಿ ಜೇಬಿಗೆ ಹಾಕಿಸುತ್ತೇವೆ.

ಹಾಸನದ ಸೊಸೆ:
ಓದಿ ಕೈಕಾಲು ತಣ್ಣಗಾಯ್ತು. ಹೌದು, ಒಂದು ಕ್ರೀಮ್ ಹಚ್ಚುತ್ತಿದ್ದೇನೆ. ನೆಂಟರೊಬ್ಬರು ಹೊರದೇಶದಿಂದ ತಂದು ಕೊಟ್ಟಿದ್ದು. ಡಬ್ಬಿ ಮೇಲಿರುವ ಭಾಷೆ ನನಗೆ ಬರುವುದಿಲ್ಲ, ಏನೇನು ಹಾಕಿದ್ದಾರೆ ಅಂತ ಇಂಗ್ಲಿಷಿನಲ್ಲಿ ಎಲ್ಲೂ ಇಲ್ಲ. ಇವತ್ತೇ ನಿಲ್ಲಿಸಿದೆ, ನಾಳೆ ಡಾಕ್ಟರ್ ಹತ್ತಿರ ಹೋಗುತ್ತೇವೆ. ಉಂಗುರದಲ್ಲಿ ಎಚ್‌ಯುಐಡಿ ಇದೆ, ಆ್ಯಪ್‌ನಲ್ಲಿ 916 ಅಂತಲೇ ಬಂತು. ಅಣ್ಣ, ಇದನ್ನು ಸರಿ ಮಾಡಬಹುದಾ? ಒಳಗಿನ ಹೆಸರು ಉಳಿಯುತ್ತಾ?

ನಗರ್ತಪೇಟೆ ಅಕ್ಕಸಾಲಿ:
ಮಾಡಬಹುದು ತಂಗೀ. ಹೊಗೆ ಹೊರಗೆ ಹೋಗುವ ವ್ಯವಸ್ಥೆ ಇರುವ ಕಡೆ ಕಲ್ಲು ಬಿಚ್ಚಿ, ಕಾಯಿಸಿ, ಆಮೇಲೆ ಮೆರುಗು ಕೊಡುತ್ತಾರೆ. ಕೊಡುವಾಗ "ಇದಕ್ಕೆ ಪಾದರಸ ತಾಗಿದೆ" ಅಂತ ಬಾಯಿಬಿಟ್ಟು ಹೇಳಿ, ಕೆಲಸ ಮಾಡುವವನ ಜೀವದ ಪ್ರಶ್ನೆ. ಹೆಸರು ಒಳಮೈಯಲ್ಲಿ ಇರುವುದರಿಂದ ಹೊರಗೆ ಮಾತ್ರ ಮೆರುಗು ಸಾಕು ಅಂತಲೂ ಹೇಳಿ. ಪ್ರತಿ ಸಲ ಮೆರುಗು ಹಾಕಿದಾಗ ಮೇಲಿನ ಚಿನ್ನ ಸ್ವಲ್ಪ ಸವೆದೇ ಸವೆಯುತ್ತದೆ. ಹಬ್ಬ ಬಂದಾಗಲೆಲ್ಲ ಪಾಲಿಶ್ ಮಾಡಿಸುವವರ ಉಂಗುರ ಎರಡನೇ ತಲೆಮಾರಿಗೆ ತೆಳ್ಳಗೆ ತಂತಿಯಾಗಿರುತ್ತದೆ. ಕೊಡುವ ಮುಂಚೆ, ಬಂದ ಮೇಲೆ, ಎರಡು ಸಲವೂ ನಿಮ್ಮ ಎದುರಿಗೇ ತೂಕ ಹಾಕಿಸಿ. ಮನೆ ಬಾಗಿಲಿಗೆ ಬಂದು ಒಡವೆ ತೊಳೆದು ಕೊಡುತ್ತೇವೆ ಅನ್ನುವವರಿಗಂತೂ ಕೊಡಲೇಬೇಡಿ, ಅವರ ನೀರಿನಲ್ಲಿ ಚಿನ್ನ ಕರಗಿಸುವ ಆಸಿಡ್ ಇರುತ್ತದೆ.

ಮನೆಯಲ್ಲಿ ತೊಳೆಯಲು ನಮ್ಮ ಹಿರಿಯರ ಅಂಟುವಾಳವೇ ಸಾಕು. ನಾಲ್ಕು ಕಾಯಿ ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ, ಆ ನೊರೆಯಲ್ಲಿ ಮೆತ್ತನೆ ಬ್ರಷ್‌ನಿಂದ ಕಲ್ಲಿನ ಹಿಂಬದಿ ಉಜ್ಜಿ. ಹಿಟ್ಟೆಲ್ಲ ಸೇರಿಕೊಳ್ಳುವುದು ಅಲ್ಲೇ. ಟೂತ್‌ಪೇಸ್ಟ್ ಬೇಡ, ಗೀರು ಬೀಳುತ್ತದೆ. ಹುಣಸೆಹಣ್ಣು ಚಿನ್ನಕ್ಕೆ ಏನೂ ಮಾಡುವುದಿಲ್ಲ, ಆದರೆ ಮುತ್ತು ಹವಳದ ಉಂಗುರಕ್ಕೆ ಹುಳಿ ತಾಗಿದರೆ ಹೊಳಪೇ ಹೋಗುತ್ತದೆ, ಅತ್ತೆಯವರಿಗೆ ಹೇಳಿಡಿ.

ನಿಮ್ಮ ಕೆಂಪು ಕಲ್ಲು ಮಾಣಿಕ್ಯವಾಗಿದ್ದರೆ ಅದು ಬಲು ಗಟ್ಟಿ, ಸುಲಭಕ್ಕೆ ಸವೆಯಲ್ಲ. ಸವೆಯುವುದು ಅದನ್ನು ಹಿಡಿದಿರುವ ಚಿನ್ನದ ಹಲ್ಲುಗಳು. 22 ಕ್ಯಾರೆಟ್ ಮೆತ್ತಗೆ. ಉಂಗುರವನ್ನು ಕಿವಿ ಹತ್ತಿರ ಹಿಡಿದು ಬೆರಳಲ್ಲಿ ತಟ್ಟಿ, ಕಿಟಿಕಿಟಿ ಸದ್ದು ಬಂದರೆ ಕಲ್ಲು ಸಡಿಲ ಆಗಿದೆ. ಸೀರೆ ನೂಲು ಪದೇ ಪದೇ ಸಿಕ್ಕಿಕೊಳ್ಳುತ್ತಿದ್ದರೆ ಯಾವುದೋ ಹಲ್ಲು ಎದ್ದಿದೆ. ಎರಡರಲ್ಲಿ ಒಂದಾದರೂ ಅವತ್ತೇ ಬಿಚ್ಚಿಟ್ಟು ಅಕ್ಕಸಾಲಿಗೆ ಕೊಡಿ, ಕಲ್ಲು ಬಿದ್ದ ಮೇಲೆ ಹುಡುಕುವುದು ಕಷ್ಟ. ಹಿಟ್ಟು ಕಲಸುವಾಗ, ಪಾತ್ರೆ ತಿಕ್ಕುವಾಗ, ಬ್ಲೀಚಿಂಗ್ ಪೌಡರ್ ಹಾಕಿ ತೊಟ್ಟಿ ತೊಳೆಯುವಾಗ ತೆಗೆದಿಡಿ. ಕ್ಲೋರಿನ್ ಬೆಸುಗೆ ಇರುವ ಜಾಗವನ್ನೇ ಮೊದಲು ತಿನ್ನುತ್ತದೆ.

ಹಾಸನದ ಸೊಸೆ:
ತುಂಬಾ ಉಪಕಾರ ಆಯ್ತು ಅಣ್ಣ, ಮೇಡಂಗೂ. ಕೊನೆಗೆ ಒಂದು, ಕಾಲುಂಗುರ ಕಪ್ಪಾಗಿದೆ. ಅದೂ ಇದರಿಂದಲೇನಾ?

ನಗರ್ತಪೇಟೆ ಅಕ್ಕಸಾಲಿ:
ಅಲ್ಲ, ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದಿಂದ, ಎಲ್ಲರದೂ ಆಗುತ್ತದೆ. ಒದ್ದೆ ಬಟ್ಟೆಗೆ ವಿಭೂತಿ ತಗೊಂಡು ಉಜ್ಜಿ, ಹೋಗುತ್ತದೆ. ನಾಳೆ ಡಾಕ್ಟರ್ ಏನು ಹೇಳಿದರು ಅಂತ ಇಲ್ಲಿ ಬರೆಯಿರಿ.