ಬೆಳಗಾವಿ ಸುತ್ತ ಕೆಂಪು ಎಲಿ ನೋಡಾಕ ಕಾರಿನಾಗ ಹೋಗುವಂಥ ಹಾದಿ ಐತೇನ್ರಿ?

ಜಮಖಂಡಿ ಹುಡುಗ

ನಮಸ್ಕಾರ ಎಲ್ಲರಿಗೂ. ಅಕ್ಟೋಬರ್ ಬಂತಂದ್ರ ಫೋನ್ ತುಂಬ ಅದ ವಿಡಿಯೋ. ಎರಡೂ ಕಡೆ ಕೆಂಪು, ಕೇಸರಿ, ಹಳದಿ ಗಿಡ, ನಡುವ ಕರೀ ಡಾಂಬರು, ಅದರ ಮ್ಯಾಲ ಒಂದ ಕಾರು ಸಾವಕಾಶ ಹೊಂಟಿರ್ತೈತಿ. ನಮ್ಮವ್ವ ಅದನ್ನ ನೋಡಿ, ಇಂಥಾದು ನಮ್ಮ ಕಡೆ ಎಲ್ಲೂ ಇಲ್ಲೇನೋ ಅಂತ ಕೇಳಾಕತ್ತಾಳ. ನಮ್ಮೂರಾಗ ಕಣ್ಣಿಗೆ ಬೀಳೂದು ಕಬ್ಬು, ಕಬ್ಬಿನ ಟ್ರ್ಯಾಕ್ಟರು, ಜಾಲಿಗಿಡ. ಬೆಳಗಾವಿ, ಖಾನಾಪುರ ಕಡೆ ಅಡವಿ ಐತಿ ಅಂತ ಗೊತ್ತು, ಆದ್ರ ಅಲ್ಲಿ ಎಲಿ ಹಿಂಗ ಬಣ್ಣ ತಿರಗತಾವೇನು?

ಅವ್ವಗ ಮೊಣಕಾಲ ನೋವು, ಗುಡ್ಡ ಹತ್ತಾಕ ಆಗೂದಿಲ್ಲ. ಕಾರಿನಾಗ ಕುಂತ ನೋಡುವಂಗ ಇರ್ಬೇಕು. ಗಾಡಿ ನಂದ ಐತಿ, ಸಣ್ಣದು. ದಸರಾ ಇಲ್ಲಾ ದೀಪಾವಳಿ ಸೂಟಿಯಾಗ ಒಂದ ರಾತ್ರಿ ಉಳಿದು ಬರೂ ವಿಚಾರ. ವಿಮಾನದ ಖರ್ಚು ಸದ್ಯ ಬ್ಯಾಡ.

ಗೋಕಾಕ ಕರದಂಟು

ಅಣ್ಣಾ, ಸುತ್ತು ಬಳಸಿ ಯಾಕ ಹೇಳ್ಲಿ, ಆ ವಿಡಿಯೋದಾಗಿಂದು ನಮ್ಮ ದೇಶದಾಗ ನೋಡಬೇಕಂದ್ರ ಕಾಶ್ಮೀರ. ಅಕ್ಟೋಬರ್ ಕೊನೀ ವಾರದಿಂದ ನವೆಂಬರ್ ಎರಡನೇ ವಾರದ ತನಕ ಚಿನಾರ್ ಗಿಡ ಕೆಂಪಗ ಉರೀತಾವ. ಶ್ರೀನಗರದಾಗ ನಿಶಾತ್, ಶಾಲಿಮಾರ್ ತೋಟ ಎಲ್ಲಾರೂ ನೋಡ್ತಾರ. ಅವೆರಡಕ್ಕಿಂತ ನಂಗ ಸೇರಿದ್ದು ಕಾಶ್ಮೀರ ವಿಶ್ವವಿದ್ಯಾಲಯದ ಆವರಣದಾಗಿನ ನಸೀಮ್ ಬಾಗ್, ಮೊಘಲರ ಕಾಲದ ಚಿನಾರ್ ತೋಪು. ನೆಲ ಸಪಾಟ ಐತಿ, ಹಿರ್‍ಯಾರು ಆರಾಮ ಅಡ್ಡಾಡಬಹುದು. ಅದ ಹೊತ್ತಿಗೆ ಪಾಂಪೋರ್‌ದಾಗ ಕೇಸರಿ ಹೂ ಬಿಡ್ತೈತಿ. ಗಾಡಿ ಹಾದಿನ ಬೇಕಂದ್ರ ಪೂಂಛ್ ಕಡೆಯ ಬಫ್ಲಿಯಾಜ್‌ದಿಂದ ಶೋಪಿಯಾನ್‌ಗೆ ಮೊಘಲ್ ರೋಡ್, 84 ಕಿಮೀ. ನಡುವ ಪೀರ್ ಕಿ ಗಲಿ 11,000 ಅಡಿಗಿಂತ ಎತ್ತರ, ಹಿಮ ಬಿತ್ತಂದ್ರ ಬಂದ್. 2025ರ ಜೂನ್‌ದಿಂದ ಕಟ್ರಾದಿಂದ ಶ್ರೀನಗರಕ್ಕ ರೈಲೂ ಆಗೇತಿ, ವಿಮಾನ ಬ್ಯಾಡ ಅಂದ್ರ ಅದನ್ನ ನೋಡು.

ಕೆಂಪು ಬಸ್ಸು

ಕರದಂಟು ಹೇಳಿದ್ದು ಖರೇ, ಆದ್ರ ಅಂವ ಕೇಳಿದ್ದು ಬೆಳಗಾವಿ. ನಾ ಖಾನಾಪುರ, ಜಾಂಬೋಟಿ, ಕಣಕುಂಬಿ ಹಾದಿಮ್ಯಾಲ ಬಸ್ ಓಡಿಸಿ ನಿವೃತ್ತಿ ಆದಾಂವ. ಆ ಹಾದಿಯ ತಿರುವು ನಂಗ ಊರಿನ ಹೆಸರಿಂದಲ್ಲ, ಗಿಡದಿಂದ ನೆನಪಿರ್ತಾವ. ಅದಕ್ಕ ಬರ್‍ಯಾಕ ಕುಂತೀನಿ.

ತಮ್ಮಾ, ಮೊದಲ ಆ ದಸರಾ, ದೀಪಾವಳಿ ತಲೀಯಿಂದ ತಗಿ. ಅಕ್ಟೋಬರ್‌ದಾಗ ನಮ್ಮ ಅಡವಿ ಕಡುಹಸಿರು ಇರ್ತೈತಿ. ಮಳಿ ಈಗ ನಿಂತಿರ್ತೈತಿ, ಬೇರಿನಾಗ ನೀರು ಐತಿ, ಗಿಡ ಯಾಕ ಎಲಿ ಬಿಟ್ಟೀತು? ಆವಾಗ ಬಣ್ಣ ತಿರುಗೂದು ಭತ್ತದ ಗದ್ದಿ. ಖಾನಾಪುರ ತಾಲೂಕಿನಾಗ ಅದು ಛಲೋನ ಕಾಣ್ತೈತಿ, ಅದನ್ನ ನೋಡಾಕ ಬಂದ್ರ ಬ್ಯಾಡ ಅನ್ನೂದಿಲ್ಲ. ಆದ್ರ ಅವ್ವಗ ಕೆಂಪು ಎಲಿ ತೋರಸ್ತೀನಿ ಅಂತ ಕರ್ಕೊಂಡು ಬಂದು ಭತ್ತ ತೋರಿಸಿದ್ರ ಅವ್ವ ಏನಂದಾಳು?

ನಮ್ಮ ಕಡೆ ಎಲಿ ಉದುರೂದು ಡಿಸೆಂಬರ್‌ದಿಂದ. ಸಾಗವಾನಿ ಮೊದಲು. ಅದರ ಎಲಿ ಅಗಲ, ಒರಟು, ಕಂದಗ ಆಗಿ ರಸ್ತೆಮ್ಯಾಲ ಬಿದ್ದು ಗಾಲಿ ಕೆಳಗ ಹಪ್ಪಳಧಂಗ ಮುರೀತಾವ. ಸಪ್ಪಳ ಕೇಳಾಕ ಚಂದ, ಬಣ್ಣ ಅಂತ ಏನಿಲ್ಲ. ದಿಂಡಿಗದ ಎಲಿ ಉದುರೂಕಿಂತ ಮೊದಲು ಒಂದಿಷ್ಟು ಕೆಂಪಾಗತೈತಿ. ಬೀಳೂ ಎಲಿ ವಿಡಿಯೋದಾಗಿನಂಗ ಕೆಂಪಾಗೂದು ನೋಡಬೇಕಂದ್ರ ಅಡವಿಗೂ ಹೋಗೂದು ಬ್ಯಾಡ. ಬೆಳಗಾವಿ ಓಣ್ಯಾಗ ನೆರಳಿಗಂತ ಹಚ್ಚಿದ ಕಾಡುಬಾದಾಮಿ ಐತಲ್ಲ, ಅಂಗೈಗಿಂತ ದೊಡ್ಡ ಎಲಿಯದು, ಅದು ಚಳಿಗಾಲದಾಗ ಒಂದೊಂದ ಎಲಿ ಕೆಂಪು ಮಾಡಿ ಬಿಡ್ತೈತಿ. ಮಂದಿ ದಿನಾ ಅದನ್ನ ಕಸಬರಿಗೀಲೆ ಗುಡಿಸಿ ಬೈತಾರ. ಅದ ಎಲಿ ಪರದೇಶದಾಗ ಬಿದ್ರ ಫೋಟೋ ತಗೀತಾರ.

ಖರೇ ಬಣ್ಣ ನಮ್ಮ ಕಡೆ ಎಲಿ ಹೋಗೂ ಮುಂದ ಅಲ್ಲ, ಬರೂ ಮುಂದ. ಹೋಳಿ ಹುಣ್ಣಿವಿಯಿಂದ ಯುಗಾದಿ ತನಕ ಬರ್ರಿ. ಸಾಗಡಿ ಅಂತ ಒಂದ ಗಿಡ ಐತಿ, ಮರಾಠಿ ಮಾತಾಡೂ ಮಂದಿ ಕುಸುಂಬ ಅಂತಾರ. ವರ್ಷವೆಲ್ಲಾ ಅದು ಯಾರ ಕಣ್ಣಿಗೂ ಬೀಳೂದಿಲ್ಲ, ಹತ್ತರ ಕೂಡ ಹನ್ನೊಂದು. ಮಾರ್ಚ್ ಬಂತಂದ್ರ ಇಡೀ ಗಿಡ ತುದಿಯಿಂದ ಬುಡದ ತನಕ ರಕ್ತಗೆಂಪು ಚಿಗರು. ಹೂವಲ್ಲ, ಎಲಿನ. ದೂರದಿಂದ ನೋಡಿದವ್ರು ಹೂ ಅಂತ ಪಣ ಕಟ್ತಾರ. ಬಸ್ಸಿನಾಗ ಹೊಸಬರು ಇದ್ರ ಅದ್ಯಾವ ಗಿಡ ಡ್ರೈವರ್ ಸಾಹೇಬ್ರ ಅಂತ ಕೇಳೇ ಕೇಳ್ತಿದ್ರು. ಕೆಲವು ದಿನ ಆದ ಮ್ಯಾಲ ಕೆಂಪು ತಿಳಿಯಾಗಿ, ತಾಮ್ರಾಗಿ, ಎಳೀಹಸಿರಾಗಿ ಮತ್ತ ಮಂದ್ಯಾಗ ಮಂದಿ ಆಗಿಬಿಡ್ತೈತಿ. ಎಲ್ಲಾ ಗಿಡ ಒಮ್ಮೆಲೆ ಚಿಗರೂದಿಲ್ಲ ಅನ್ನೂದ ನಮ್ಮ ಪುಣ್ಯ. ಒಂದು ಮುಗಿಸಿದ್ರ ಮುಂದಿನ ತಿರುವಿನಾಗಿಂದು ಶುರು ಮಾಡಿರ್ತೈತಿ. ಅದರ ಜೋಡಿ ಅರಳಿ, ಹಿಪ್ಪಿ, ಮಾವು ಎಲ್ಲಾ ತಾಮ್ರದ ಚಿಗರು.

ಹಾದಿ ಹೇಳ್ತೀನಿ. ಬೆಳಗಾವಿಯಿಂದ ಖಾನಾಪುರ ಸುಮಾರು 25 ಕಿಮೀ, ಅದು ದೊಡ್ಡ ಹೆದ್ದಾರಿ, ನೋಡಾಕ ಏನಿಲ್ಲ, ದಾಟಿಬಿಡ್ರಿ. ಖಾನಾಪುರದಿಂದ ಜಾಂಬೋಟಿ ಹಾದಿ ಹಿಡೀರಿ. ಅಡವಿ ಇಲ್ಲಿಂದ ಶುರು. ಜಾಂಬೋಟಿಯಿಂದ ಕಣಕುಂಬಿ. ಅದರ ಮುಂದ ಚೋರ್ಲಾ ಘಾಟು, ಗೋವಾ. ಘಾಟಿನ ಕಡೆ ಹೋದಂಗ ಅಡವಿ ವರ್ಷವೆಲ್ಲಾ ಹಸಿರಿರೂ ಜಾತಿದು ಆಗತೈತಿ, ಎಲಿ ಬಣ್ಣದ ಲೆಕ್ಕದಾಗ ಕಣಕುಂಬಿ ತನಕ ಹೋದ್ರ ಸಾಕು. ಅಲ್ಲಿ ಮಾವುಲಿ ದೇವಿ ಗುಡಿ ಐತಿ, ಮಲಪ್ರಭಾ ಹುಟ್ಟೂದೂ ಅಲ್ಲೇ. ನಿಮ್ಮವ್ವ ಕೂಡಲಸಂಗಮಕ್ಕ ಹೋಗಿರ್ತಾರ, ಅಲ್ಲಿ ಕೃಷ್ಣಾಕ್ಕ ಸೇರೂ ಹೊಳಿ ಇದ. ವಾಪಸ್ ಜಾಂಬೋಟಿಯಿಂದ ಕಿಣಯೆ, ಪೀರನವಾಡಿ ಮ್ಯಾಲ ಬೆಳಗಾವಿಗೆ ಬರ್ರಿ, ಬಂದ ಹಾದಿನ ತಿರುಗಿ ನೋಡೂದು ತಪ್ಪತೈತಿ.

ಮುಂಜಾನೆ ಲಗೂ ಬಿಡ್ರಿ. ಹೋಗೂ ಮುಂದ ಪಶ್ಚಿಮಕ್ಕ ಮುಖ, ಬಿಸಲು ಬೆನ್ನಿಗೆ. ಸಂಜೀಕ ಬರೂ ಮುಂದ ಪೂರ್ವಕ್ಕ ಮುಖ, ಮತ್ತ ಬೆನ್ನಿಗೆ. ಇದನ್ನ ಉಲ್ಟಾ ಮಾಡಿದ್ರ ಎಲಿ ಕಾಣೂದಿಲ್ಲ, ಎದುರಿಗೆ ಬರೂ ಟಿಪ್ಪರೂ ಕಾಣೂದಿಲ್ಲ.

ಇನ್ನೊಂದ ಮಾತು, ಸಿಟ್ಟಿಂದನ ಹೇಳ್ತೀನಿ: ತಿರುವಿನಾಗ ಗಾಡಿ ನಿಲ್ಲಿಸಿ ಫೋಟೋ ತಗೀಬ್ಯಾಡ್ರಿ. ಬಾಗಿಲ ತಗದು ರಸ್ತೆಕ್ಕ ಇಳದು, ಹೆಂಡ್ತಿನ್ನ ನಡೂ ಗೆರೀ ಮ್ಯಾಲ ನಿಲ್ಲಿಸಿ ಫೋನ್ ಹಿಡ್ಯಾವ್ರನ್ನ ನೋಡಿ ನೋಡಿ ನನ್ನ ಬ್ರೇಕ್ ಸವದಾವು. ಮತ್ತ ಮಾರ್ಚ್‌ದಾಗ ನೆಲದ ತುಂಬ ಒಣ ತಪ್ಪಲ. ಒಂದ ಬೀಡಿ ಸಾಕು.

ಟಿಳಕವಾಡಿ ಅಕ್ಕ

ಬಸ್ಸಿನಣ್ಣಾರ ಹೇಳಿದ್ದಕ್ಕ ಒಂದಿಷ್ಟು ಸೇರಿಸ್ತೀನಿ. ನಾನು ಪಿಯು ಕಾಲೇಜಿನಾಗ ಜೀವಶಾಸ್ತ್ರ ಕಲಿಸ್ತಿದ್ದೆ. ಚಳಿ ದೇಶದಾಗ ಹಗಲು ಸಣ್ಣದಾಗಿ ಥಂಡಿ ಶುರು ಆತಂದ್ರ ಗಿಡ ಎಲಿಯೊಳಗಿನ ಹಸಿರನ್ನ ಒಡೆದು ಅದರ ಸತ್ವ ವಾಪಸ್ ಎಳಕೊಂತೈತಿ. ಹಳದಿ ಮೊದಲಿಂದ ಒಳಗ ಇದ್ದದ್ದು, ಹಸಿರು ಸರಿದ ಮ್ಯಾಲ ಹೊರಗ ಕಾಣ್ತೈತಿ. ಕೆಂಪು ಹಂಗಲ್ಲ. ಎಲಿಯಾಗ ಉಳಿದ ಸಕ್ಕರಿಯಿಂದ ಗಿಡ ಆಂಥೋಸಯನಿನ್ ಅನ್ನೂ ಬಣ್ಣ ಹೊಸದಾಗಿ ತಯಾರ ಮಾಡ್ತೈತಿ. ಅದಕ್ಕ ಹಗಲು ಒಳ್ಳೆ ಬಿಸಲು, ರಾತ್ರಿ ಹಿತವಾದ ಥಂಡಿ ಇದ್ದ ವರ್ಷ ಕೆಂಪು ಜೋರು. ನಮ್ಮ ಸಾಗಡಿ ಚಿಗರಿನಾಗ ಇರೂದೂ ಅದ ಜಾತಿ ಬಣ್ಣ, ಎಳೀ ಎಲಿಗೆ ಬಿಸಲಿನ ಝಳ ಬಡೀಬಾರದು ಅಂತ. ನಮ್ಮಲ್ಲಿ ಎಲಿ ಉದುರೂದಕ್ಕ ಮುಖ್ಯ ಕಾರಣ ಥಂಡಿ ಅಲ್ಲ, ನೀರಿನ ಬರ.

ಮಗಳು ಅಮೆರಿಕಾದ ಬೋಸ್ಟನ್ ಹತ್ರ ಇದ್ದಾಳ. ಅಕಿ ನಮ್ಮನ್ನ ನ್ಯೂ ಹ್ಯಾಂಪ್‌ಶೈರ್‌ದಾಗ ಕ್ಯಾಂಕಮಾಗಸ್ ಹೆದ್ದಾರಿಗೆ ಕರ್ಕೊಂಡು ಹೋಗಿದ್ಲು. ಲಿಂಕನ್ ಊರಿಂದ ಕಾನ್ವೇ ತನಕ ಸುಮಾರು 55 ಕಿಮೀ, ಪೂರ್ತಿ ಅಡವಿ, ನಡುವ ಒಂದೂ ಪೆಟ್ರೋಲ್ ಬಂಕ್ ಇಲ್ಲ. ಮೇಪಲ್ ಕೆಂಪು, ಬರ್ಚ್ ಹಳದಿ, ಸುಳ್ಳ್ಯಾಕ ಹೇಳ್ಲಿ, ಮಾತ ನಿಂತುಹೋತು. ಸೆಪ್ಟೆಂಬರ್ ಕೊನೀಗೆ ಶುರು ಆಗಿ ಅಕ್ಟೋಬರ್ ನಡುವಿಗೆ ಮುಗೀತೈತಿ. ಈ ವಾರ ಯಾವ ಕಡೆ ಎಷ್ಟು ಬಣ್ಣ ಏರೇತಿ ಅಂತ ಅಲ್ಲಿಯ ರಾಜ್ಯದವ್ರು ನಕ್ಷೆ ಹಾಕ್ತಾರ, ಮಂದಿ ಅದನ್ನ ನೋಡಿ ಹೊರಡತಾರ. ಅಕ್ಟೋಬರ್ ಎರಡನೇ ಸೋಮವಾರ ಸೂಟಿ ಇರ್ತೈತಿ, ಆ ವಾರ ಮಾತ್ರ ಹೋಗಬಾರದು. ಸವದತ್ತಿ ಜಾತ್ರಿ ನೋಡಿದ ನಮಗೂ ಸಾಕಾಗಿಹೋತು. ಇಷ್ಟೆಲ್ಲಾ ನೋಡಿ ಬಂದು ಮುಂದಿನ ಮಾರ್ಚ್‌ದಾಗ ಜಾಂಬೋಟಿ ಹಾದ್ಯಾಗ ಒಂದ ಸಾಗಡಿ ನೋಡಿ ನಮ್ಮ ಯಜಮಾನ್ರು, ಇದನ್ನ ನೀ ಮೊದಲ ಯಾಕ ತೋರಿಸಲಿಲ್ಲ ಅಂತ ನನ್ನ ಮ್ಯಾಲ ಹರಿಹಾಯ್ದರು.

ಜಮಖಂಡಿ ಹುಡುಗ

ಕಾಕಾ, ಅಕ್ಕಾರ, ಭಾಳ ಉಪಕಾರ ಆತ್ರಿ. ದಸರಾ ಕ್ಯಾನ್ಸಲ್. ಅವ್ವಗ ಮಲಪ್ರಭಾ ಹುಟ್ಟೂ ಜಾಗ ಅಂದಕೂಡ್ಲೇ ಎಲಿ ವಿಷಯ ಮರತು, ಯಾವಾಗ ಹೋಗೂದು ಅಂತ ಗಂಟು ಬಿದ್ದಾಳ. ಎರಡ ಸಂಶಯ. ಒಂದ ದಿನದಾಗ ಜಮಖಂಡಿಯಿಂದ ಹೋಗಿ ಬರಾಕ ಆಗತೈತೇನು? ಭೀಮಗಡ ಅಭಯಾರಣ್ಯನೂ ಅಲ್ಲೇ ಐತಂತ, ಅದರೊಳಗ ಗಾಡಿ ಬಿಡ್ತಾರೇನು?

ಕೆಂಪು ಬಸ್ಸು

ಒಂದ ದಿನದ ಆಸೆ ಬಿಡು ತಮ್ಮಾ. ಮುಧೋಳ, ಲೋಕಾಪುರ, ಯರಗಟ್ಟಿ ಮ್ಯಾಲ ಬೆಳಗಾವಿ ಮುಟ್ಟೂದ್ರಾಗ ಮುಂಜಾನೆ ಬಿಸಲು ಹೋಗಿರ್ತೈತಿ, ಅವ್ವನ ಮೊಣಕಾಲೂ ಹಿಡದಿರ್ತಾವ. ಹಿಂದಿನ ದಿನ ಬಂದು ಬೆಳಗಾವ್ಯಾಗ ಉಳೀರಿ. ಕುಂದಾ ತಿನ್ರಿ. ಮರುದಿನ ಮುಂಜಾನೆ ಅಡವಿ.

ಭೀಮಗಡ 2011ರಾಗ ಅಭಯಾರಣ್ಯ ಅಂತ ಘೋಷಣಾ ಆಗೇತಿ. ಒಳಗ ಹೋಗಬೇಕಂದ್ರ ಅರಣ್ಯ ಇಲಾಖೆ ಪರವಾನಗಿ ಬೇಕು, ಹೇಳದ ಕೇಳದ ನುಗ್ಗೂದಲ್ಲ. ಅಲ್ಲಿಯ ಬಾರಾಪೇಡೆ ಗವಿಯೊಳಗ ಜಗತ್ತಿನ್ಯಾಗ ಅಪರೂಪದ ಬಾವಲಿ ಅದಾವ, ಆದ್ರ ಅದು ನಡದು ಹೋಗೂ ವ್ಯವಹಾರ, ನಿಮ್ಮವ್ವಗ ಅಲ್ಲ. ರಸ್ತೆಮ್ಯಾಲಿಂದ ಕಾಣೂ ಅಷ್ಟ ಗಿಡ ಸಾಕು. ಗಾಡಿ ಬಿಟ್ಟು ಅಡವಿಯೊಳಗ ಇಳೀಬ್ಯಾಡ್ರಿ, ಖಾನಾಪುರ ಅಡವ್ಯಾಗ ಕರಡಿ ಅದಾವ, ತಮಾಷೆ ಅಲ್ಲ.

ಪೆಟ್ರೋಲ್ ಬೆಳಗಾವ್ಯಾಗ ತುಂಬಿಸು. ಜಾಂಬೋಟಿ ದಾಟಿದ ಮ್ಯಾಲ ಫೋನ್ ನೆಚ್ಚಬ್ಯಾಡ, ಹಾದಿ ಮೊದಲ ನೋಡಿಟ್ಕೊ. ಬುತ್ತಿ ಕಟಗೊಂಡು ಬರ್ರಿ, ರೊಟ್ಟಿ, ಶೇಂಗಾ ಚಟ್ನಿ ಇದ್ರ ಕಣಕುಂಬಿ ಗುಡಿ ಕಡೆ ಕುಂತು ಉಣ್ಣಬಹುದು. ಉಳಿದ ಹೊತ್ತು ಇದ್ರ ಮರುದಿನ ಖಾನಾಪುರದಿಂದ ಹಲಸಿಗೆ ಹೋಗ್ರಿ, ಕದಂಬರ ಕಾಲದ ಭೂವರಾಹ ನರಸಿಂಹ ಗುಡಿ. ಅಲ್ಲಿಂದ ನಂದಗಡ ಹತ್ರ, ಸಂಗೊಳ್ಳಿ ರಾಯಣ್ಣನ್ನ 1831ರಾಗ ಗಲ್ಲಿಗೇರಿಸಿದ ಊರು. ನಂದಗಡದಿಂದ ಹಳಿಯಾಳ ಕಡೆ ಸಾಗವಾನಿ ಜಾಸ್ತಿ. ಮಾರ್ಚ್‌ದಾಗ ಅವು ಬರೇ ಕಟಿಗಿ ನಿಂತಿರ್ತಾವ, ನಡುನಡುವ ಒಂದ ಮುತ್ತಲ ಹೂ ಬಿಟ್ಟಿದ್ರ ಮಾತ್ರ ಕಣ್ಣು ನಿಲ್ಲತೈತಿ.

ಬಾಗಲಕೋಟಿ ಬಣ್ಣ

ಮುತ್ತಲ ಅಂದ್ರಿ, ಅದಕ್ಕ ಬರದೆ. ಅದನ್ನ ನೋಡಾಕ ಹಳಿಯಾಳ ತನಕ ಯಾಕ, ನಮ್ಮ ಜಿಲ್ಲಾದ ಗುಡ್ಡದ ಸೆರಗಿನಾಗೂ ಫೆಬ್ರುವರಿ, ಮಾರ್ಚ್‌ಕ್ಕ ಬಿಟ್ಟಿರ್ತೈತಿ. ಒಂದೂ ಎಲಿ ಇಲ್ಲದ ಟೊಂಗಿ ತುಂಬ ಕೇಸರಿ ಹೂ. ಮೊದಲ ಅದನ್ನ ಕುದಿಸೇ ಓಕುಳಿ ಬಣ್ಣ ಮಾಡ್ತಿದ್ರು.

ಹುಡುಗಗ ಒಂದ ಸೂಚನಾ. ಹೋಳಿ ದಿನಾನ ಜಮಖಂಡಿಯಿಂದ ಹೊರಡಬ್ಯಾಡ. ಬಾಗಲಕೋಟ್ಯಾಗ ಬಣ್ಣದ ಬಂಡಿ ಒಂದ ದಿನಕ್ಕ ಮುಗಿಯೂದಿಲ್ಲ, ಸುತ್ತಲ ಊರಾಗೂ ಹುಡುಗ್ರು ಹಗ್ಗ ಹಿಡಿದು ಗಾಡಿ ನಿಲ್ಲಿಸ್ತಾರ, ಚಂದಾ ಕೊಡೂ ತನಕ ಬಿಡೂದಿಲ್ಲ. ಕಾರಿನ ಗಾಜು ಏರಿಸಿದ್ರೂ ಬಣ್ಣ ಒಳಗ ಬರ್ತೈತಿ. ಬಣ್ಣ ಮುಗಿದು ನಾಕ ದಿನ ಬಿಟ್ಟು ಹೊರಡು. ಮತ್ತ ಎಳ್ಳ ಅಮಾಸಿಗೆ ಚರಗ ಚೆಲ್ಲಾಕ ಹೊಲಕ್ಕ ಹೋಗ್ತೀರಲ್ಲ, ಅದಾದ ಮ್ಯಾಲ ಜನವರ್‍ಯಾಗ ಕುಸಬಿ ಹೂ ಹಳದಿ ಬಿಟ್ಟು ಕೇಸರಿಗೆ ತಿರಗತೈತಿ. ಅವ್ವಗ ಮಾರ್ಚ್ ತನಕ ತಡ್ಯಾಕ ಆಗಲಿಲ್ಲಂದ್ರ ವಿಜಯಪುರ ಹಾದಿ ಹಿಡಿ, ಎರಿಹೊಲದ ಬದುವಿನಾಗ ಗಾಡಿ ನಿಲ್ಲಿಸಿ ಅದನ್ನ ತೋರಿಸು. ಹೊಲದವ್ರನ್ನ ಕೇಳಿ ಇಳೀರಿ, ಕುಸಬಿಗೆ ಮುಳ್ಳ ಭಾಳ.