ಖಾಲಿ ಚೆಕ್‌ಗೆ ನೋಟೀಸ್ ಬಂದಿದೆ, ಸಾಲ ಇದೆ ಅಂತ ಸಾಬೀತು ಮಾಡಬೇಕಾದವರು ಅವರಲ್ವಾ?

ಶುಂಠಿಹೊಲ, ಆಲೂರು

ನಮ್ಮದು ಆಲೂರು ತಾಲ್ಲೂಕು. ಹೋದ ವರ್ಷ ಶುಂಠಿ ಹಾಕುವಾಗ ಅಪ್ಪ ಪರಿಚಯದ ವ್ಯಾಪಾರಿಯೊಬ್ಬರ ಹತ್ತಿರ 3 ಲಕ್ಷ ಕೈಸಾಲ ತಗೊಂಡಿದ್ದರು. ಭದ್ರತೆಗೆ ಅಂತ ಸಹಿ ಹಾಕಿದ ಖಾಲಿ ಚೆಕ್ ಕೊಟ್ಟಿದ್ದರು. ಶುಂಠಿ ರೇಟು ಬಿದ್ದುಹೋಯಿತು. ಆದರೂ 1.20 ಲಕ್ಷ ಫೋನ್‌ಪೇನಲ್ಲಿ ವಾಪಸ್ ಹಾಕಿದ್ದೇವೆ. ಈಗ ಅವರು ಬಡ್ಡಿ ಗಿಡ್ಡಿ ಸೇರಿಸಿ ಚೆಕ್ಕಲ್ಲಿ 4.5 ಲಕ್ಷ ಬರೆದು ಬ್ಯಾಂಕಿಗೆ ಹಾಕಿದ್ದಾರೆ. ಬೌನ್ಸ್ ಆಗಿ, ಸೋಮವಾರ ಲಾಯರ್ ನೋಟೀಸ್ ಮನೆಗೆ ಬಂತು.

ಚಿಕ್ಕಪ್ಪ ಹೇಳೋದು, "ಉತ್ತರ ಕೊಡಲೇಬೇಡಿ, ಅಕ್ಷರ ನಮ್ಮದಲ್ಲ, ಸಾಲ ಇದೆ ಅಂತ ಅವನೇ ತೋರಿಸಲಿ." ಅಪ್ಪನಿಗೆ ಪೊಲೀಸರು ಬಂದು ಕರ್ಕೊಂಡು ಹೋಗ್ತಾರೆ ಅನ್ನೋ ಭಯ. ಆರೋಪ ಹೊರಿಸಿದವರೇ ಸಾಬೀತು ಮಾಡಬೇಕು ಅನ್ನೋ ನಿಯಮ ಇಲ್ಲೂ ನಡೆಯುತ್ತಾ?

ಘಾಟಿ ಗಾಡಿ

ಖಾಲಿ ಚೆಕ್ ಕೇಸು ನಿಲ್ಲಲ್ಲ ಗುರು. ಚೆಕ್ ಕಳೆದುಹೋಗಿತ್ತು ಅಂದುಬಿಡಿ, ಮುಗೀತು.

ಕರಿಕೋಟು, ಹಾಸನ

ಮೇಲಿನವರ ಮಾತು ದಯವಿಟ್ಟು ಕೇಳಬೇಡಿ. ಅದೇ ಮಾತು ಹೇಳಿ ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಸೋತವರಿದ್ದಾರೆ. ರಂಗಪ್ಪ ವಿರುದ್ಧ ಮೋಹನ್, 2010ರ ತೀರ್ಪು. ಚೆಕ್ಕು ನಮ್ಮ ಪಕ್ಕದ ಜಿಲ್ಲೆಯದೇ, ಕುದುರೆಮುಖದ ಬ್ಯಾಂಕ್ ಶಾಖೆಯದು. ಮನೆ ಕಟ್ಟಿಸಲು ಪಡೆದ 45,000 ರೂಪಾಯಿ ಕೈಸಾಲದ ಜಗಳ. ಸಹಿ ಮಾಡಿಟ್ಟ ಖಾಲಿ ಚೆಕ್ ಕಳೆದಿತ್ತು ಅಂತ ಆರೋಪಿಯ ವಾದ. ನೋಟೀಸಿಗೆ ಉತ್ತರ ಕೊಟ್ಟಿರಲಿಲ್ಲ. ಕೋರ್ಟು ಅದನ್ನೇ ಹಿಡಿಯಿತು. ಉತ್ತರ ಕೊಡದೆ ಸುಮ್ಮನಿದ್ದರು ಅಂದರೆ ದೂರಿನಲ್ಲಿ ಹುರುಳಿದೆ ಅಂತಲೇ ಅರ್ಥ ಮಾಡಿಕೊಂಡಿತು.

ನಿಮ್ಮ ಚಿಕ್ಕಪ್ಪ ಹೇಳೋದು ಪೂರ್ತಿ ಸುಳ್ಳೇನಲ್ಲ, ಹಳೇದಾಯಿತು ಅಷ್ಟೇ. 2008ರಲ್ಲಿ ಕೃಷ್ಣ ಜನಾರ್ದನ ಭಟ್ ಕೇಸಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ, ಚೆಕ್ ಇದ್ದ ಮಾತ್ರಕ್ಕೆ ಸಾಲ ಇದೆ ಅಂತ ಊಹಿಸಲಾಗದು ಎಂದಿತ್ತು. ಎರಡೇ ವರ್ಷದಲ್ಲಿ ರಂಗಪ್ಪ ಕೇಸಿನ ಮೂವರ ಪೀಠ ಅದನ್ನು ಒಪ್ಪಲಿಲ್ಲ. ಸಹಿ ನಿಮ್ಮದಾದರೆ ಸಾಲವೂ ಇದೆ ಅಂತಲೇ ಕೋರ್ಟು ಶುರು ಮಾಡುತ್ತದೆ. ಅಕ್ಷರ ಯಾರದು ಅನ್ನೋದಕ್ಕೂ ಬೆಲೆ ಕಮ್ಮಿ. ಮನಸಾರೆ ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕನ್ನು ಬೇರೆಯವರು ತುಂಬಿದರೂ ಇದೇ ಊಹೆ ಅನ್ವಯಿಸುತ್ತದೆ ಅಂತ 2019ರ ಬೀರ್ ಸಿಂಗ್ ತೀರ್ಪು ಹೇಳಿದೆ.

ಹಾಗಂತ ಬಾಗಿಲು ಮುಚ್ಚಿಲ್ಲ. ಅದೇ ವರ್ಷ ಬಸಲಿಂಗಪ್ಪ ವಿರುದ್ಧ ಮುದಿಬಸಪ್ಪ, ಇದೂ ಕರ್ನಾಟಕದ್ದೇ. 6 ಲಕ್ಷದ ಚೆಕ್. ಹೈಕೋರ್ಟ್ ಶಿಕ್ಷೆ ಕೊಟ್ಟಿತ್ತು, ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ಅಷ್ಟು ದುಡ್ಡು ಕೊಡುವ ತಾಕತ್ತು ನಿಮಗಿತ್ತಾ ಅಂತ ಆರೋಪಿ ಕಡೆಯವರು ಕ್ರಾಸ್‌ನಲ್ಲಿ, ಅಂದರೆ ಪಾಟಿ ಸವಾಲಿನಲ್ಲಿ ಕೇಳಿದ್ದರು. ಕೊಟ್ಟವರ ಬಳಿ ಸರಿಯಾದ ಲೆಕ್ಕ ಇರಲಿಲ್ಲ. ಆರೋಪಿ ತಾನೇ ಸಾಕ್ಷಿ ಕಟ್ಟೆ ಹತ್ತಬೇಕು ಅಂತಲೂ ಇಲ್ಲ. ಎದುರಿನವರ ಬಾಯಿಂದಲೇ ಅನುಮಾನ ಹುಟ್ಟಿಸಬಹುದು. ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡುವ ಭಾರ ಆರೋಪಿ ಮೇಲಿಲ್ಲ. ನಿಮ್ಮ ಮಾತೇ ಹೆಚ್ಚು ನಂಬುವಂತಿದೆ ಅನ್ನಿಸಿದರೆ ಸಾಕು. ದಿನಾ ಕೋರ್ಟಲ್ಲಿ ನೋಡುವ ನನಗೆ ಅನ್ನಿಸೋದು, ಅರ್ಧ ಕೇಸು ಸೋಲೋದು ಕ್ರಾಸ್ ಸರಿಯಾಗಿ ಮಾಡದೆ.

ಆದರೆ ನಿಮಗೆ ಜಾಸ್ತಿ ಉಪಯೋಗವಾಗೋದು ಬೇರೆ ತೀರ್ಪು. 2022ರ ದಶರಥಭಾಯಿ ಪಟೇಲ್ ಕೇಸು. ಅಲ್ಲಿ 20 ಲಕ್ಷ ಸಾಲ, ಭದ್ರತೆಗೆ ಚೆಕ್. ನಾಲ್ಕು ಲಕ್ಷಕ್ಕೂ ಮೇಲೆ ವಾಪಸ್ ಕೊಟ್ಟಿದ್ದರೂ ಚೆಕ್ಕನ್ನು ಪೂರ್ತಿ 20 ಲಕ್ಷಕ್ಕೇ ಹಾಕಿದ್ದರು. ಬ್ಯಾಂಕಿಗೆ ಹಾಕುವ ಹೊತ್ತಿಗೆ ಅಷ್ಟು ಸಾಲ ಉಳಿದೇ ಇಲ್ಲ, ಹಾಗಾಗಿ 138ನೇ ಸೆಕ್ಷನ್ (ಚೆಕ್ ಬೌನ್ಸ್) ಅಪರಾಧವೇ ಅಲ್ಲ ಅಂತ ಕೋರ್ಟು ಹೇಳಿತು. ವಾಪಸ್ ಬಂದ ದುಡ್ಡನ್ನು ಚೆಕ್ ಮೇಲೆ ನಮೂದಿಸಿ ಉಳಿದಷ್ಟಕ್ಕೆ ಹಾಕಬಹುದಿತ್ತು.

ನಿಮ್ಮ 1.20 ಲಕ್ಷ ಇದೇ ಜಾಗದಲ್ಲಿ ಕೂರುತ್ತದೆ. ಆದರೆ ಅವರು "ಅದು ಬಿತ್ತನೆ ಶುಂಠಿ ದುಡ್ಡು" ಅನ್ನಬಹುದು, ಅನ್ನುತ್ತಾರೆ. ಸಾಲಕ್ಕೇ ಕೊಟ್ಟಿದ್ದು ಅಂತ ತೋರಿಸುವ ವಾಟ್ಸಾಪ್ ಮೆಸೇಜ್ ಹುಡುಕಿ. ಫೋನ್ ಬದಲಾಯಿಸಬೇಡಿ. ಬ್ಯಾಂಕ್ ಸ್ಟೇಟ್‌ಮೆಂಟ್ ಇವತ್ತೇ ತೆಗೆಸಿ. ಬಡ್ಡಿ ಮಾತಾಗಿತ್ತಾ, ಎಷ್ಟು ಅಂತ ಅಪ್ಪನನ್ನು ಒಬ್ಬರೇ ಕೂರಿಸಿಕೊಂಡು ಕೇಳಿ. ಎಲ್ಲರ ಮುಂದೆ ಕೇಳಿದರೆ ಹೇಳಲ್ಲ.

ಪೊಲೀಸ್ ಬರಲ್ಲ. ಇದು ನೇರ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಕೊಡುವ ಖಾಸಗಿ ದೂರು, ಜಾಮೀನು ಸಿಗುವ ಅಪರಾಧ. ಸಮನ್ಸ್ ಬಂದ ಮೇಲೆ ಡೇಟ್ ತಪ್ಪಿಸಿದರೆ ಮಾತ್ರ ವಾರಂಟ್ ಆಗುತ್ತದೆ, ಆಗ ಪೊಲೀಸರೇ ಬರುತ್ತಾರೆ.

ಶುಂಠಿಹೊಲ, ಆಲೂರು

ತುಂಬಾ ಥ್ಯಾಂಕ್ಸ್ ಸರ್. ಕೇಸು ಶುರುವಾದ ತಕ್ಷಣ 20 ಪರ್ಸೆಂಟ್ ಕಟ್ಟಲೇಬೇಕಂತೆ, ಹೌದಾ? 90 ಸಾವಿರ ಈಗ ನಮ್ಮ ಹತ್ತಿರ ಇಲ್ಲ.

ಮೇಷ್ಟ್ರು, ಬೇಲೂರು

ನಾನು ಆ ಕಡೆ ನಿಂತವನು, ಅದಕ್ಕೇ ಬರೀತಿದ್ದೀನಿ. ನೆಂಟರೊಬ್ಬರಿಗೆ ನಗದು ಕೊಟ್ಟೆ, ಚೆಕ್ ಬೌನ್ಸ್ ಆಯಿತು. ಕ್ರಾಸ್‌ನಲ್ಲಿ "ದುಡ್ಡು ಎಲ್ಲಿಂದ ಬಂತು ಮೇಷ್ಟ್ರೇ?" ಅಂದರು. ಕಾಳುಮೆಣಸು ಮಾರಿದ ದುಡ್ಡು, ಬಿಲ್ ಎಲ್ಲಿರುತ್ತೆ? ಬಿಡುಗಡೆ ಆಗಿಹೋಯಿತು. ಕಾನೂನು ಆರೋಪಿಗೆ ದಾರಿ ಬಿಡಬೇಕು ಸರಿ, ಬಾಯಿಮಾತಿಗೆ ಕೊಟ್ಟವನ ಗತಿ? ನಿಮ್ಮಪ್ಪ 3 ಲಕ್ಷ ತಗೊಂಡಿದ್ದು ನಿಜ ಅಲ್ವಾ?

ಕರಿಕೋಟು, ಹಾಸನ

ಮೇಷ್ಟ್ರ ಸಿಟ್ಟು ನ್ಯಾಯವಾದದ್ದೇ. 1.80 ಲಕ್ಷ ಅಸಲು ಬಾಕಿ ಇದೆ, ಅದನ್ನು ಅಲ್ಲಗಳೆಯುವ ಉತ್ತರ ಬರೆಸಬೇಡಿ. ನನ್ನ ಕಕ್ಷಿದಾರರಾಗಿದ್ದರೆ ಅಷ್ಟನ್ನು ಒಪ್ಪಿಕೊಂಡು, ಆದಷ್ಟು ಮೊತ್ತ ಅವರ ಖಾತೆಗೇ ಹಾಕಿಸಿ, ಉತ್ತರದಲ್ಲಿ ಅದನ್ನು ಬರೆಸುತ್ತಿದ್ದೆ. ನೋಟೀಸ್ ಕೈ ಸೇರಿದ ದಿನದಿಂದ ದುಡ್ಡು ಕೊಡಲು 15 ದಿನ ಟೈಮಿದೆ.

20 ಪರ್ಸೆಂಟ್ ವಿಷಯ: ಅದು 2018ರಲ್ಲಿ ಬಂದ 143ಎ ಸೆಕ್ಷನ್, ಕೇಸು ನಡೆಯುವಾಗಲೇ ದೂರುದಾರರಿಗೆ ಕೊಡಿಸುವ ಮಧ್ಯಂತರ ಪರಿಹಾರ. 20 ಅನ್ನೋದು ಅದರ ಮೇಲ್ಮಿತಿ. ಕಡ್ಡಾಯ ಅಲ್ಲ, ಎರಡೂ ಕಡೆಯ ವಾದದಲ್ಲಿ ಮೇಲ್ನೋಟಕ್ಕೆ ಎಷ್ಟು ಹುರುಳಿದೆ, ಆರೋಪಿಯ ಹಣದ ಕಷ್ಟ ಏನು ಅಂತ ನೋಡಿ ಮ್ಯಾಜಿಸ್ಟ್ರೇಟ್ ತೀರ್ಮಾನಿಸಬೇಕು ಅಂತ 2024ರ ರಾಕೇಶ್ ರಂಜನ್ ಶ್ರೀವಾಸ್ತವ ತೀರ್ಪಿದೆ. ಅರ್ಜಿ ಬಂದರೆ ಆಕ್ಷೇಪಣೆ ಹಾಕಿಸಿ. ಶಿಕ್ಷೆಯಾಗಿ ಅಪೀಲಿಗೆ ಹೋದರೆ ಲೆಕ್ಕ ಬೇರೆ.

ಒಂದು ಕೇಳೋದು ಮರೆತೆ. ಚೆಕ್ ಬೌನ್ಸ್ ಆಯಿತು ಅಂತ ಬ್ಯಾಂಕ್ ಕೊಡುವ ಮೆಮೋ ಅವರಿಗೆ ಸಿಕ್ಕ ತಾರೀಖು ಯಾವುದು? ಅಲ್ಲಿಂದ 30 ದಿನದೊಳಗೆ ನೋಟೀಸ್ ಕಳಿಸಿರಬೇಕು. ಕವರ್ ಮೇಲಿನ ಅಂಚೆ ಮುದ್ರೆ ನೋಡಿ ಹೇಳಿ. ಕವರ್ ಎಸೆದಿಲ್ಲ ತಾನೇ?